ನೀಲಿ ಚೀಟಿಯ ಬಾಫತ್

ಇಗ್ನೇಷಿಯಸ್ ಬಟರ್ ಚಿಕನ್ ಮಾಡಲು ಕಲಿತದ್ದು ಲಂಡನ್ನಿಗೆ ಬಂದ ಮೇಲೆ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಗೋಡೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆಯನ್ನು ಓದಿಕೊಂಡು. ಉಡುಪಿ ಕಡೆಯ ಶಿರ್ವದ ಅವನ ಮನೆಯಲ್ಲಿ ಅದನ್ನು ಯಾರೂ ಮಾಡಿದ್ದಿಲ್ಲ, ತಿಂದದ್ದೂ ಇಲ್ಲ. ಅಲ್ಲಿ ಭಾನುವಾರ ಎಂದರೆ ಇಗರ್ಜಿಯಿಂದ ಬಂದು ಹಂದಿಮಾಂಸದ ಮಸಾಲೆ ಅಡುಗೆ ಬಾಫತ್ ಮತ್ತು ಇಡ್ಲಿಯಂಥ ಸಾನ್ನಾ ತಿನ್ನುವ ದಿನ. ಇಲ್ಲಿಯ ಕಂಪನಿಯವರು ಅವನ ಪಾಸ್‌ಪೋರ್ಟ್ ನೋಡಿದರು, ಇಂಡಿಯಾ ಎಂದು ಓದಿದರು, ಆ ಹಾಳೆಯ ಮುಂದೆ ನಿಲ್ಲಿಸಿದರು. ಮೂರು ವರ್ಷ ಹತ್ತು ತಿಂಗಳಿನಿಂದ ಅವನು ಅಲ್ಲೇ ನಿಂತಿದ್ದ.

ಕಂಪನಿ ಇರುವುದು ಫೆಲ್ಥಮ್‌ನಲ್ಲಿ. ಹೀಥ್ರೋದಿಂದ ಹಾರುವ ವಿಮಾನಗಳಿಗೆ ಊಟ ಕಳಿಸುವುದು ಅದರ ಕೆಲಸ. ಒಂದೇ ಮಾಡಿನ ಕೆಳಗೆ ಎರಡು ಅಡುಗೆಮನೆಗಳು. ಒಂದರಲ್ಲಿ ಕೆಲಸ ಮಾಡುವವರಿಗೆ ನೀಲಿ ಏಪ್ರನ್, ಇನ್ನೊಂದರವರಿಗೆ ಕಿತ್ತಳೆ. ನೀಲಿ ಕಡೆಗೆ ಹೆಸರಿಲ್ಲ, ಅದು ಬರೀ ಕಿಚನ್. ಕಿತ್ತಳೆ ಕಡೆಯ ಬಾಗಿಲ ಮೇಲೆ ಮಾತ್ರ ‘ಎಥ್ನಿಕ್’ ಎಂಬ ಬೋರ್ಡು. ಎಥ್ನಿಕ್ ಎಂದರೆ ಏನೆಂದು ಇಗ್ನೇಷಿಯಸ್ ಮೊದಲ ವಾರವೇ ಮಗಳನ್ನು ಕೇಳಿದ್ದ. ಒಂದು ಜನಾಂಗಕ್ಕೆ ಸೇರಿದ್ದು ಎಂದು ಅವಳು ಹೇಳಿದಳು. ಹಾಗಾದರೆ ನೀಲಿಯವರು ಯಾವ ಜನಾಂಗಕ್ಕೂ ಸೇರಿದವರಲ್ಲವೋ ಏನೋ, ಪಾಪ.

ಪಿಜ್ಜಾ ಇಟಲಿಯದು, ಅದು ನೀಲಿ. ಅಕ್ಕಿ ಮತ್ತು ಮೀನು ಹಾಕಿ ಸ್ಪೇನಿನವರು ಮಾಡುವ ಪಾಯೆಯ ನೀಲಿ, ಅದೇ ಅಕ್ಕಿ ಮತ್ತು ಮೀನು ಹಾಕಿ ಬಂಗಾಳದವರು ಮಾಡಿದರೆ ಕಿತ್ತಳೆ. ಟಾಕೋ ಮೊದಲು ಕಿತ್ತಳೆಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಒಂದು ಸೋಮವಾರ ಯಾರೋ ಬಂದು ಅದು ಅಮೆರಿಕನ್ ತಿಂಡಿಯಾಯಿತು ಎಂದು ಹೇಳಿ, ಟಾಕೋ ಚಿಪ್ಪಿನ ಪೆಟ್ಟಿಗೆಗಳನ್ನೆಲ್ಲ ಗಾಡಿಗೆ ಹಾಕಿ ಆಚೆಗೆ ತಳ್ಳಿಕೊಂಡು ಹೋದರು. ಅದನ್ನು ಮಾಡುತ್ತಿದ್ದ ಮೆಕ್ಸಿಕೋದ ಹೆಂಗಸು ಮಾತ್ರ ಈಚೆಗೇ ಉಳಿದಳು. ಅವಳಿಗೆ ಥಾಯ್ ಕರಿ ಕಲಿಸಿದರು. ಇಗ್ನೇಷಿಯಸ್ ಆ ದಿನ ನಕ್ಕಿದ್ದ. ನಗಬಾರದಿತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು.

ಕಿತ್ತಳೆ ಕಡೆ ಕಿಟಕಿ ಇಲ್ಲ. ಬೆಳಿಗ್ಗೆ ಆರಕ್ಕೆ ಒಳಗೆ ಹೋದರೆ ಮಧ್ಯಾಹ್ನ ಎರಡಕ್ಕೆ ಹೊರಗೆ. ನೀಲಿ ಕಡೆ ಒಂದು ಗೋಡೆಯ ಉದ್ದಕ್ಕೂ ಕಿಟಕಿ, ಅಲ್ಲಿಂದ ಇಳಿಯುವ ವಿಮಾನಗಳು ಕಾಣುತ್ತವೆಯಂತೆ. ಎರಡರ ನಡುವಿನ ಗೋಡೆಯಲ್ಲಿ ಪಾತ್ರೆ ದಾಟಿಸಲು ಒಂದು ಚಿಕ್ಕ ಕಂಡಿ ಇದೆ, ಅದಕ್ಕೆ ಎರಡೂ ಕಡೆ ಜಾರುವ ಬಾಗಿಲು.

ಇನ್ನೊಂದು ನಿಯಮವಿತ್ತು. ಎಥ್ನಿಕ್ ಕಡೆಗೆ ಹಂದಿಮಾಂಸ, ದನದ ಮಾಂಸ ಎರಡೂ ಬರುವಂತಿಲ್ಲ. ಮುಸಲ್ಮಾನರ ಊಟವೂ ಹಿಂದೂಗಳ ಊಟವೂ ಅಲ್ಲೇ ಆಗುವುದರಿಂದ ಅದು ಸರಿಯೇ, ಅದಕ್ಕೆ ಅವನ ತಕರಾರಿಲ್ಲ. ಅವನ ಸಂಕಟ ಬೇರೆ. ಹಂದಿಯ ಯಾವ ಭಾಗಕ್ಕೆ ಎಷ್ಟು ಬೆಂಕಿ ಬೇಕು ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಕೈಗೆ ಪನೀರು ಹೆಚ್ಚುವ ಕೆಲಸ ಸಿಕ್ಕಿತ್ತು. ನೀವು ಹಂದಿ ಮುಟ್ಟುವುದಿಲ್ಲವಲ್ಲ, ನಿಮಗೆ ಇಲ್ಲಿ ಅನುಕೂಲ ಎಂದು ಮೊದಲ ದಿನ ಮೇಲ್ವಿಚಾರಕ ಬಹಳ ಗೌರವದಿಂದ ಹೇಳಿದ್ದ. ನಾವು ಕ್ರಿಸ್ತುವರು, ಮದುವೆಗೆ ಹಂದಿ ಇಲ್ಲದಿದ್ದರೆ ನೆಂಟರು ಎದ್ದು ಹೋಗುತ್ತಾರೆ ಎಂದು ವಿವರಿಸುವಷ್ಟು ಇಂಗ್ಲಿಷು ಇಗ್ನೇಷಿಯಸ್‌ಗೆ ಇತ್ತು, ಧೈರ್ಯ ಇರಲಿಲ್ಲ.

ಅವನು ನಿಜವಾಗಿ ಕಲಿತದ್ದು ಅಮೆರಿಕನ್ ಅಡುಗೆ. ಮಯಾಮಿಯಿಂದ ಹೊರಡುವ ಒಂದು ಪ್ರವಾಸಿ ಹಡಗಿನಲ್ಲಿ ಹದಿನೇಳು ವರ್ಷ. ಪಾತ್ರೆ ತೊಳೆಯುವುದರಿಂದ ಶುರುಮಾಡಿ ಬೆಂಕಿಯ ಮುಂದೆ ನಿಲ್ಲುವ ಅಡುಗೆಯವನಾಗುವವರೆಗೆ. ಬರ್ಗರ್, ಮೀಟ್‌ಲೋಫ್, ಮೆಕ್ಕೆಜೋಳದ ಬ್ರೆಡ್ಡು, ಲೂಸಿಯಾನಾದವರ ಗಂಬೋ, ಏನು ಬೇಕೋ ಅದು. ಎಲ್ಲಕ್ಕಿಂತ ಮೇಲೆ ರಿಬ್ಸ್, ಅಂದರೆ ಹಂದಿಯ ಪಕ್ಕೆಲುಬು. ಅಮೆರಿಕದ ಸ್ವಾತಂತ್ರ್ಯದ ದಿನವಾದ ಜುಲೈ ನಾಲ್ಕರಂದು ಹಡಗಿನ ಮೇಲ್ಗಡೆ ಇಗ್ನೇಷಿಯಸ್ ರಿಬ್ಸ್ ಸುಡುವಾಗ ಸಾಲು ಈಜುಕೊಳ ಸುತ್ತಿ ಬರುತ್ತಿತ್ತು. ಟೆಕ್ಸಾಸಿನ ಒಬ್ಬ ಮುದುಕ ಒಮ್ಮೆ ಎಲುಬು ಚೀಪುತ್ತಾ ಅಳುವುದಕ್ಕೇ ಶುರುಮಾಡಿದ. ನಮ್ಮ ಅಜ್ಜ ಹಿತ್ತಲಲ್ಲಿ ಮಾಡುತ್ತಿದ್ದದ್ದು ಇದೇ, ಐವತ್ತು ವರ್ಷವಾಗಿತ್ತು ಈ ರುಚಿ ನೋಡದೆ ಎಂದ.

ಆ ಅಜ್ಜನ ರುಚಿ ಎಲ್ಲಿಯದು ಎಂಬುದು ಹಡಗಿನ ಅಡುಗೆಯವರಿಗೆಲ್ಲ ಗೊತ್ತಿತ್ತು. ಅವರಲ್ಲಿ ಮುಕ್ಕಾಲು ಪಾಲು ಮಂಗಳೂರು ಮತ್ತು ಉಡುಪಿಯ ನಡುವಿನ ಕ್ರಿಸ್ತುವರು. ರಜೆ ಮುಗಿಸಿ ಹಡಗು ಹತ್ತುವ ಪ್ರತಿಯೊಬ್ಬನೂ ಮನೆಯ ಬಾಫತ್ ಪುಡಿ ಎರಡು ಕಿಲೋ ತರಬೇಕು ಎಂಬುದು ಯಾರೂ ಬರೆಯದ ಕಟ್ಟಳೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು ಎಂಬ ಕಾಳುಮೆಣಸು, ಅರಿಶಿನ, ಚೂರು ಲವಂಗ, ದಾಲ್ಚಿನ್ನಿ. ಕಂಪನಿ ಕೊಡುತ್ತಿದ್ದ ಅಮೆರಿಕನ್ ಮಸಾಲೆಯ ಡಬ್ಬಿಗಳು ಕಪಾಟಿನಲ್ಲಿ ಹಾಗೇ ಇರುತ್ತಿದ್ದವು, ರಿಬ್ಸಿಗೆ ಸವರುತ್ತಿದ್ದದ್ದು ಬಾಫತ್, ಮೇಲೆ ಬೆಲ್ಲದ ಪಾಕ, ವಿನೆಗರ್, ಹೊಗೆ. ಇಗ್ನೇಷಿಯಸ್ ಬೇರೆ ಅಮೆರಿಕನ್ ರಿಬ್ಸ್ ತಿಂದವನೇ ಅಲ್ಲ. ಅಮೆರಿಕದವರು ಯಾವುದನ್ನು ತಿಂದು ತಮ್ಮ ಮನೆ ನೆನೆಸಿಕೊಳ್ಳುತ್ತಾರೋ ಅದೇ ಅಮೆರಿಕನ್ ಅಡುಗೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಕೊರೋನಾ ಬಂದು ಹಡಗು ನಿಂತಿತು. ಆಗ ಸಿಕ್ಕಿದ್ದು ಈ ಲಂಡನ್ ವೀಸಾ. ಹೆಂಡತಿ ಗೆರ್ಟ್ರೂಡ್, ಮಗಳು ಕ್ಯಾರೊಲಿನ್ ಇಬ್ಬರನ್ನೂ ಕರೆತರಬಹುದು ಎಂಬ ಒಂದೇ ಆಸೆಗೆ ಅವನು ಕಾಗದ ಓದದೆ ಸಹಿ ಹಾಕಿದ. ಓದಿದ ಮೇಲೆ ತಿಳಿಯಿತು. ಕಂಪನಿ ಬಿಟ್ಟರೆ ವೀಸಾ ಹೋಗುತ್ತದೆ, ಬೇರೆ ಕಂಪನಿ ಹೊಸ ಕಾಗದ ಕೊಡಬೇಕು, ಅಂಥ ಕಂಪನಿಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಐದು ವರ್ಷ ತುಂಬಿದರೆ ಖಾಯಂ ಆಗಿ ಇರಬಹುದು, ಆಮೇಲೆ ಯಾರ ಹಂಗೂ ಇಲ್ಲ. ಆ ಐದನ್ನು ಹತ್ತು ಮಾಡುತ್ತಾರೆ ಎಂಬ ಸುದ್ದಿ ಈಚೆಗೆ ಟೀವಿಯಲ್ಲಿ ಬರುತ್ತಿತ್ತು. ಗೆರ್ಟ್ರೂಡ್ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುತ್ತಿದ್ದಳು, ಮಗಳು ನಮ್ಮ ಪಿಯುಸಿಗೆ ಸಮನಾದ ಸಿಕ್ಸ್ತ್ ಫಾರ್ಮಿನಲ್ಲಿದ್ದಳು, ಇಬ್ಬರ ಕಾಗದವೂ ಅವನ ಕಾಗದಕ್ಕೆ ಕಟ್ಟಿದ್ದು. ಮುಂದೆ ಹೋಗಲಾಗದು, ಹಿಂದೆ ಬರಲಾಗದು, ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ಕಂಪನಿಯಿಂದ ಹೊರಗೆ ಹೋಗುವಂತಿಲ್ಲದಿದ್ದರೆ ಬೇಡ, ಕಂಪನಿಯೊಳಗೆ ಆ ಒಂದು ಗೋಡೆಯನ್ನಾದರೂ ದಾಟಿದರೆ ಸಾಕು ಎಂಬಲ್ಲಿಗೆ ಅವನ ಆಸೆ ಬಂದು ನಿಂತಿತ್ತು.

ಜೂನ್ ತಿಂಗಳಲ್ಲಿ ಊಟದ ಕೋಣೆಯ ಬೋರ್ಡಿನ ಮೇಲೆ ಒಂದು ಕಾಗದ ಬಂತು. ಟೆಕ್ಸಾಸಿನ ಹ್ಯೂಸ್ಟನ್‌ಗೆ ಹೋಗುವ ಒಂದು ವಿಮಾನದ ಗುತ್ತಿಗೆ ಕಂಪನಿಗೆ ಸಿಕ್ಕಿದೆ, ಅದಕ್ಕೊಂದು ಅಮೆರಿಕನ್ ಮೆನು ಬೇಕು, ಯಾವ ವಿಭಾಗದ ಅಡುಗೆಯವರು ಬೇಕಾದರೂ ಒಂದೊಂದು ಖಾದ್ಯ ಮಾಡಿ ತೋರಿಸಬಹುದು, ಆಯ್ಕೆಯಾದವರನ್ನು ಮೆನುವಿನ ಮುಖ್ಯ ಅಡುಗೆಯವರ ಸ್ಥಾನಕ್ಕೆ ಪರಿಗಣಿಸಲಾಗುವುದು. ಇಗ್ನೇಷಿಯಸ್ ಅದನ್ನು ಫೋನಿನಲ್ಲಿ ಫೋಟೋ ಹೊಡೆದು ಮನೆಗೆ ತಂದ. ಕ್ಯಾರೊಲಿನ್ ಓದಿ, ‘ಪರಿಗಣಿಸಲಾಗುವುದು’ ಎಂಬಲ್ಲಿ ಬೆರಳಿಟ್ಟು ತೋರಿಸಿದಳು. ಅವನು ಅದನ್ನು ನೋಡಲಿಲ್ಲ.

ಅರ್ಜಿಯಲ್ಲಿ ಎರಡು ಅಂಕಣಗಳು ಅವನನ್ನು ಒಂದು ಇಡೀ ಸಂಜೆ ಕೂರಿಸಿದವು. ಒಂದು, ಈ ಖಾದ್ಯ ಅಮೆರಿಕನ್ ಹೇಗೆ, ಎರಡು ಸಾಲಿನಲ್ಲಿ ಬರೆಯಿರಿ. ಅವನು ಲೆಕ್ಕ ಹಾಕುತ್ತಾ ಹೋದ. ಬರ್ಗರಿನ ಹೆಸರು ಜರ್ಮನಿಯ ಊರಿನದು, ಸೇಬಿನ ಪೈ ಇಂಗ್ಲೆಂಡಿನಿಂದ ಹೋದದ್ದು, ಗಂಬೋದ ಬೆಂಡೆಕಾಯಿ ಆಫ್ರಿಕಾದ್ದು, ಟಾಕೋದ ಕಥೆ ಗೊತ್ತೇ ಇದೆ. ಕೊನೆಗೆ ಅಮೆರಿಕದ್ದೇ ಎನ್ನಲು ಮೆಕ್ಕೆಜೋಳ, ಟರ್ಕಿ ಕೋಳಿ, ಮತ್ತೆ ಮೆಣಸಿನಕಾಯಿ ಉಳಿದವು. ಬ್ಯಾಡಗಿ ಮೆಣಸಿನ ಮುತ್ತಜ್ಜ ಪೋರ್ಚುಗೀಸರ ಹಡಗಿನಲ್ಲಿ ಆ ಕಡೆಯಿಂದಲೇ ನಮ್ಮ ಕರಾವಳಿಗೆ ಬಂದವನಂತೆ. ಹಾಗೆ ನೋಡಿದರೆ ಅವರ ರಿಬ್ಸಿಗಿಂತ ನಮ್ಮ ಬಾಫತ್ತೇ ಹೆಚ್ಚು ಅಮೆರಿಕನ್ ಎಂದು ಅವನಿಗೆ ಹೊಳೆದು ನಗು ಬಂತು. ಅರ್ಜಿಯಲ್ಲಿ ಹಾಗೆ ಬರೆಯಲಾಗುತ್ತದೆಯೇ? ಟೆಕ್ಸಾಸಿನ ಹಿತ್ತಲುಗಳಲ್ಲಿ ಅಜ್ಜಂದಿರು ಮಾಡುತ್ತಿದ್ದ ರುಚಿ ಎಂದು ಮಗಳ ಕೈಯಲ್ಲಿ ಬರೆಸಿದ. ಅದು ಸುಳ್ಳಲ್ಲ, ಒಬ್ಬ ಮೊಮ್ಮಗನ ಸಾಕ್ಷಿ ಇತ್ತು.

ಎರಡನೆಯದು, ಹಾಕುವ ಸಾಮಾನುಗಳ ಪಟ್ಟಿ. ಇಗ್ನೇಷಿಯಸ್ ಬಾಫತ್ ಪುಡಿ ಎಂದು ಹೇಳಿದ. ಕ್ಯಾರೊಲಿನ್ ಪೆನ್ನು ಎತ್ತಿಕೊಂಡಳು. ಮನೆಯಲ್ಲಿ ಅಪ್ಪ ಅಮ್ಮ ಕೊಂಕಣಿಯಲ್ಲೋ ಕನ್ನಡದಲ್ಲೋ ಕೇಳಿದರೆ ಅವಳ ಉತ್ತರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಮುಖ್ಯವಾದದ್ದನ್ನು ಮಾತ್ರ ಊರಿನ ಮಾತಿನಲ್ಲಿ ಹೇಳುತ್ತಿದ್ದಳು.

"ಪಪ್ಪಾ, ಆ ಹೆಸರು ಬರೆದ್ರೆ ಅವ್ರು ಓದೂದೇ ಇಲ್ಲ. ಸೀದಾ ಎಥ್ನಿಕ್ ಅಂತ ಬದಿಗೆ ಇಡ್ತಾರೆ. ಮೆಣಸು, ಜೀರಿಗೆ, ಕೊತ್ತಂಬರಿ ಅಂತ ಬೇರೆ ಬೇರೆ ಬರೀತೇನೆ. ಅವರ ಪುಡಿಯಲ್ಲಿ ಸಹ ಅದೇ ಇರುದು."

ಅವಳು ಅಂಗಡಿಯ ಅಮೆರಿಕನ್ ಮಸಾಲೆಯ ಡಬ್ಬಿಯೊಂದರ ಫೋಟೋ ತೆಗೆದು ತೋರಿಸಿದಳು. ಮೆಣಸು, ಜೀರಿಗೆ, ಕೊತ್ತಂಬರಿ, ಒಳ್ಳೆಮೆಣಸು, ಲವಂಗ, ದಾಲ್ಚಿನ್ನಿ. ಅರಿಶಿನ ಒಂದು ಇರಲಿಲ್ಲ. ಬಾಫತ್ ಎಂಬ ಹೆಸರು ಹೋಯಿತು, ಏಳು ಸಾಮಾನುಗಳು ಬಂದವು. ಗೆರ್ಟ್ರೂಡ್ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಆ ಪುಡಿ ಅವಳ ತಾಯಿಯ ಲೆಕ್ಕಾಚಾರದ್ದು, ಲಂಡನ್ನಿನ ಬಿಸಿಲನ್ನು ನಂಬದೆ ಅವಳು ಮೆಣಸನ್ನು ರೇಡಿಯೇಟರಿನ ಮೇಲೆ ಹಲಗೆ ಇಟ್ಟು ಒಣಗಿಸುವವಳು. ಅದೇ ಪುಡಿ ತುಂಬಿದ ಹಾರ್ಲಿಕ್ಸ್ ಬಾಟಲಿಯೊಂದನ್ನು ತಂದು ಅರ್ಜಿಯ ಪಕ್ಕದಲ್ಲಿಟ್ಟು ಹೋದಳು.

ರುಚಿ ನೋಡುವ ದಿನ ಇಗ್ನೇಷಿಯಸ್‌ಗೆ ಒಂದು ದಿನದ ಮಟ್ಟಿಗೆ ನೀಲಿ ಏಪ್ರನ್ ಕೊಟ್ಟರು. ಬಾಗಿಲು ದಾಟಿದ ಕೂಡಲೇ ಅವನು ನೋಡಿದ್ದು ಒಲೆಯನ್ನಲ್ಲ, ಕಿಟಕಿಯನ್ನು. ನಿಜವಾಗಿಯೂ ವಿಮಾನಗಳು ಕಾಣುತ್ತಿದ್ದವು, ಒಂದರ ಹಿಂದೆ ಒಂದು, ಗಾಲಿ ಬಿಚ್ಚಿಕೊಂಡು. ಆಮೇಲೆ ಅವನು ಹಂದಿಯ ಪಕ್ಕೆಲುಬುಗಳ ಮೇಲೆ ಕೈ ಇಟ್ಟ. ನಾಲ್ಕು ವರ್ಷದ ಹತ್ತಿರವಾಗಿತ್ತು ಕೆಲಸದಲ್ಲಿ ಅದನ್ನು ಮುಟ್ಟಿ, ಕೈ ಏನನ್ನೂ ಮರೆತಿರಲಿಲ್ಲ. ಹಿಂಬದಿಯ ಪೊರೆಯನ್ನು ಒಂದೇ ಎಳೆತಕ್ಕೆ ಬಿಡಿಸಿದ, ಬಾಫತ್ ಸವರಿದ, ಕಡಿಮೆ ಬೆಂಕಿಗೆ ಐದು ಗಂಟೆ ಬಿಟ್ಟ. ಅವನಿಗೆ ಅಷ್ಟು ಖುಷಿಯಾಗಿತ್ತು, ಯಾರಾದರೂ ಮಾತನಾಡಿಸಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ರುಚಿ ನೋಡಲು ಮೆನುವಿನ ಮುಖ್ಯಸ್ಥೆ ಹೆಲೆನ್ ಇದ್ದಳು, ಹ್ಯೂಸ್ಟನ್‌ನಿಂದ ಬಂದ ವಿಮಾನ ಕಂಪನಿಯ ಒಬ್ಬ ಪ್ರತಿನಿಧಿ ಇದ್ದ. ಜೊತೆಗೆ ನೀಲಿ ಕಡೆಯ ಅಡುಗೆಯವರು, ಅವರಲ್ಲಿ ಒಬ್ಬ ಡಿಯೋನ್. ಡಿಯೋನ್‌ನ ಅಪ್ಪ ಅಮ್ಮ ಕುಂದಾಪುರದ ಕಡೆಯ ಕ್ರಿಸ್ತುವರು, ಅವನು ಹುಟ್ಟಿದ್ದು ಇಲ್ಲೇ, ವಯಸ್ಸು ಇಪ್ಪತ್ತೇಳು, ಅಕ್ಸ್‌ಬ್ರಿಡ್ಜ್‌ನಲ್ಲಿ ಅಡುಗೆಯ ಕೋರ್ಸು ಮಾಡಿದವನು. ಭಾನುವಾರ ಇಗರ್ಜಿಯಲ್ಲಿ ಸಿಕ್ಕಿದರೆ ಅಂಕಲ್ ಎಂದು ಮಾತನಾಡಿಸುವ ಒಳ್ಳೆಯ ಹುಡುಗ. ಅವನೂ ಒಂದು ಬರ್ಗರ್ ಮಾಡಿ ಇಟ್ಟಿದ್ದ, ಅದು ಬರ್ಗರಿನ ಹಾಗೆಯೇ ಇತ್ತು. ಪ್ರತಿನಿಧಿ ರಿಬ್ಸಿನ ಮೊದಲ ಎಲುಬನ್ನು ಎತ್ತಿ ಕಚ್ಚಿ, ಕೆಳಗೆ ಇಡಲಿಲ್ಲ. ಎರಡನೆಯದನ್ನೂ ಮುಗಿಸಿ, ನಮ್ಮಪ್ಪ ಹೀಗೇ ಮಾಡುತ್ತಿದ್ದರು, ನೀವು ಟೆಕ್ಸಾಸಿನಲ್ಲಿ ಎಷ್ಟು ವರ್ಷ ಇದ್ದಿರಿ ಎಂದು ಕೇಳಿದ. ಹಡಗು ಅಲ್ಲಿಗೆ ಹೋಗುತ್ತಿತ್ತು ಎಂದು ಇಗ್ನೇಷಿಯಸ್ ಉತ್ತರಿಸಿದ.

ಆಗ ಡಿಯೋನ್ ಒಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿಯುವುದು ನಿಂತಿತು. ಅವನು ತಲೆ ಎತ್ತಿ ಇಗ್ನೇಷಿಯಸ್‌ನ ಮುಖ ನೋಡಿದ, ಇಗ್ನೇಷಿಯಸ್ ಕಣ್ಣಿನಲ್ಲೇ ಬೇಡ ಎಂದ. ಅಮ್ಮನ ಕೈಯಡುಗೆಯನ್ನು ಗುರುತು ಹಿಡಿಯದ ಮಗ ಉಂಟೇ. ಆದರೂ ಹುಡುಗ ಸುಮ್ಮನಾದ.

ರಿಬ್ಸ್ ಆಯ್ಕೆಯಾಯಿತು. ಅದೇ ದಿನ ಹೆಲೆನ್ ಅವನ ಕೈ ಕುಲುಕಿ ಮುಂದಿನ ವಾರ ಮಾತನಾಡೋಣ ಎಂದಳು. ಇಗ್ನೇಷಿಯಸ್ ಮುಂದಿನ ವಾರದವರೆಗೆ ಕಾಯಲಿಲ್ಲ. ಮನೆಗೆ ಹೋದವನೇ ಕೆಲಸ ಸಿಕ್ಕಿತು ಎಂದುಬಿಟ್ಟ. ಗೆರ್ಟ್ರೂಡ್ ಆ ಭಾನುವಾರ ಇಗರ್ಜಿಯಲ್ಲಿ ಮೋಂಬತ್ತಿ ಹಚ್ಚಿದಳು, ಪೂಜೆ ಮುಗಿದ ಮೇಲೆ ಹಿಂದಿನ ಸಭಾಂಗಣದಲ್ಲಿ ಎಲ್ಲರಿಗೂ ಕೇಕು ಹಂಚಿದಳು, ಶಿರ್ವದ ನಾದಿನಿಗೆ ಫೋನು ಮಾಡಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ಹೇಳುವವರು ಫೆಲ್ಥಮ್‌ನಲ್ಲಿ ಯಾರೂ ಇರಲಿಲ್ಲ. ಕ್ಯಾರೊಲಿನ್ ಕೂಡ ಆ ‘ಪರಿಗಣಿಸಲಾಗುವುದು’ ಎಂಬ ಪದವನ್ನು ಮರೆತು, ಕಿಟಕಿಯಿಂದ ಯಾವ ಯಾವ ವಿಮಾನ ಕಾಣುತ್ತದೆ ಎಂದು ಅಪ್ಪನನ್ನು ಕೇಳಿದಳು.

ಸಭಾಂಗಣದಲ್ಲಿ ಕೇಕು ತಿಂದವರಲ್ಲಿ ಡಿಯೋನ್ ಕೂಡ ಒಬ್ಬ. ಇಷ್ಟು ದೊಡ್ಡ ವಿಷಯವನ್ನು ಅಂಕಲ್ ಯಾಕೆ ಮುಚ್ಚಿಡಬೇಕು, ಮನೆಯ ಪುಡಿಯಿಂದ ಟೆಕ್ಸಾಸಿನವನನ್ನು ಗೆದ್ದಿದ್ದಾರೆ, ಅದಕ್ಕೆ ಹೆಸರು ಸಿಗಬೇಡವೇ ಎಂದು ಅವನಿಗೆ ಅನ್ನಿಸಿತು. ಇಲ್ಲಿ ಹುಟ್ಟಿದವರಿಗೆ ತಮ್ಮ ಮನೆಯ ಹೆಸರು ಹೇಳಲು ಹೆದರಿಕೆ ಇರುವುದಿಲ್ಲ. ಸೋಮವಾರ ಬೆಳಿಗ್ಗೆ ಅವನು ಹೆಲೆನ್‌ಗೆ ಎಲ್ಲವನ್ನೂ ಹೇಳಿದ. ಅದು ಬಾಫತ್, ನಮ್ಮ ಮಂಗಳೂರಿನ ಕ್ರಿಸ್ತುವರ ಮಸಾಲೆ, ನಮ್ಮಮ್ಮ ಕೂಡ ಮಾಡುತ್ತಾರೆ, ಅಂಕಲ್ ಅದರಲ್ಲಿ ಪಳಗಿದವರು. ಹೆಲೆನ್‌ಗೆ ಕೇಳಿ ಸಂತೋಷವಾಯಿತು.

ಬುಧವಾರ ಅವಳು ಇಗ್ನೇಷಿಯಸ್‌ನನ್ನು ಕರೆಸಿದಳು. ಕಚೇರಿಯಲ್ಲಿ ಚಹಾ ಬಂತು, ಬಿಸ್ಕತ್ತು ಬಂತು. ಅವಳು ಒಬ್ಬ ಕೆಟ್ಟ ಹೆಂಗಸಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವರ ಮುಂದೆ ಸಿಟ್ಟಾದರೂ ಮಾಡಬಹುದು. ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ರಿಬ್ಸ್ ಅಮೆರಿಕನ್ ಮೆನುವಿನಲ್ಲಿ ಹೋಗುತ್ತದೆ, ಅದನ್ನು ಸುಡುವುದು ನೀಲಿ ಕಡೆ, ಅಲ್ಲಿ ತರಬೇತಿ ಪಡೆದ ಡಿಯೋನ್ ಅದರ ಮುಖ್ಯಸ್ಥ. ಆದರೆ ಪುಡಿ ಎಥ್ನಿಕ್ ಸಾಮಾನು ಎಂದು ಈಗ ಗೊತ್ತಾಗಿದೆಯಲ್ಲ, ಎಥ್ನಿಕ್ ಸಾಮಾನು ತಯಾರಾಗಬೇಕಾದದ್ದು ಎಥ್ನಿಕ್ ಕಡೆ, ಅದನ್ನು ಬಲ್ಲವರು ನೀವೊಬ್ಬರೇ. ವಾರಕ್ಕೆ ನಲವತ್ತು ಕಿಲೋ ಬೇಕಾಗುತ್ತದೆ. ಅಂದರೆ ನಿಮ್ಮ ಜಾಗ ಇಲ್ಲಿ ಗಟ್ಟಿಯಾಯಿತು, ಅಭಿನಂದನೆ.

ಎಲುಬು ಅಮೆರಿಕದ್ದಾಯಿತು, ಪುಡಿ ಎಥ್ನಿಕ್ ಆಯಿತು, ಮನುಷ್ಯ ಪುಡಿಯ ಕಡೆಗೆ ಬಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಇಲ್ಲಿ ಪೂಜಾರಿ ಬಿಸ್ಕತ್ತು ಕೊಟ್ಟ, ವರ ಕೊಡಲಿಲ್ಲ.

ಇಗ್ನೇಷಿಯಸ್ ಜೀವನದಲ್ಲಿ ಮೊದಲ ಬಾರಿಗೆ ಕಚೇರಿಯಲ್ಲಿ ಕುಳಿತು ಎದುರು ಮಾತನಾಡಿದ.

"ಮೇಡಂ, ಹದಿನೇಳು ವರ್ಷ ನಾನು ಅಮೆರಿಕನ್ನರಿಗೆ ಅಮೆರಿಕನ್ ಅಡುಗೆ ಮಾಡಿದವನು. ಬಟರ್ ಚಿಕನ್ ಕಲಿತದ್ದು ಇಲ್ಲಿ, ನಿಮ್ಮ ಗೋಡೆ ನೋಡಿ."

ಹೆಲೆನ್‌ಳ ಮುಖದಲ್ಲಿ ನಿಜವಾದ ಬೇಸರ ಕಂಡಿತು. ಅವಳು ಕಂಪ್ಯೂಟರನ್ನು ತಿರುಗಿಸಿ ಅವನ ವೀಸಾದ ಕಾಗದವನ್ನು ತೋರಿಸಿದಳು. ಕೆಲಸ, ಅಡುಗೆಯವನು, ಎಥ್ನಿಕ್ ವಿಭಾಗ. ಆ ಸಾಲನ್ನು ಬದಲಿಸಬೇಕಾದರೆ ಸರಕಾರಕ್ಕೆ ಮತ್ತೆ ಬರೆಯಬೇಕು, ಈಗಿನ ಗಾಳಿಯಲ್ಲಿ ಕಂಪನಿ ಅಂಥ ಕಾಗದಕ್ಕೆ ಕೈ ಹಾಕುವುದಿಲ್ಲ, ನಿಮಗೇ ಅಪಾಯ. ನಿಮ್ಮ ಐದು ವರ್ಷ ತುಂಬಲಿ, ಆಮೇಲೆ ನೋಡೋಣ ಎಂದಳು. ಅದು ಹತ್ತಾದರೆ ಎಂದು ಅವನು ಕೇಳಲಿಲ್ಲ. ಚಹಾ ಮುಗಿಸಿ, ಥ್ಯಾಂಕ್ಸ್ ಹೇಳಿ, ಕಿತ್ತಳೆ ಬಾಗಿಲಿನಿಂದ ಒಳಗೆ ಹೋದ.

ಡಿಯೋನ್ ಪಾರ್ಕಿಂಗ್ ಜಾಗದಲ್ಲಿ ಕಾದು ನಿಂತಿದ್ದ. ನಾನು ನಿಮಗೆ ಒಳ್ಳೆಯದಾಗಲಿ ಎಂದು ಹೇಳಿದೆ ಅಂಕಲ್ ಎಂದು ಇಂಗ್ಲಿಷಿನಲ್ಲೂ ಮುರುಕು ಕೊಂಕಣಿಯಲ್ಲೂ ಹೇಳಿದ. ಕೆಲಸವನ್ನು ಬಿಟ್ಟುಕೊಡುತ್ತೇನೆ ಎಂದೂ ಹೇಳಿದ. ಬಿಟ್ಟರೆ ಅದು ಇನ್ಯಾರಿಗೋ ಹೋಗುತ್ತದೆ ಹೊರತು ತನಗೆ ಬರುವುದಿಲ್ಲ ಎಂಬುದು ಇಗ್ನೇಷಿಯಸ್‌ಗೆ ಗೊತ್ತಿತ್ತು. ಅವನಿಗೆ ಆ ಹುಡುಗನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಕೆನ್ನೆಗೆ ಹೊಡೆಯುವಷ್ಟು. ಹೊಡೆಯಲಿಲ್ಲ. ಒಂದೇ ಮಾತು ಕೇಳಿಕೊಂಡ, ಇಗರ್ಜಿಯಲ್ಲಿ ಯಾರಿಗೂ ಹೇಳಬೇಡ.

ಹಾಗೆ ಸುಳ್ಳು ಶುರುವಾಯಿತು. ಮನೆಯಲ್ಲಿ ಅವನು ನೀಲಿ ಕಡೆಯ ಮುಖ್ಯ ಅಡುಗೆಯವನು. ಕೇಕು ತಿಂದವರಿಗೆಲ್ಲ ಏನೆಂದು ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡ, ನಾಳೆಗಳು ಕೂಡಿ ಆಗಸ್ಟ್ ಕಳೆಯಿತು. ಹಗಲು ಅವನು ಕಿಟಕಿ ಇಲ್ಲದ ಕೋಣೆಯಲ್ಲಿ ಬಾಫತ್ ಅರೆಯುತ್ತಿದ್ದ. ಮುಚ್ಚಿದ ಕೋಣೆ, ಮೆಣಸಿನ ಘಾಟು, ಮುಖಕ್ಕೆ ಮಾಸ್ಕು, ಕಣ್ಣು ಉರಿ. ಪುಡಿ ತುಂಬಿದ ಡಬ್ಬಕ್ಕೆ ಕಿತ್ತಳೆ ಚೀಟಿ ಅಂಟಿಸಿ ಕಂಡಿಯಲ್ಲಿ ಇಡುತ್ತಿದ್ದ. ಆಚೆಯಿಂದ ಡಿಯೋನ್‌ನ ಕೈ ಬಂದು ಆ ಚೀಟಿಯನ್ನು ಕಿತ್ತು, ‘ಟೆಕ್ಸಾಸ್ ರಬ್’, ಅಂದರೆ ಟೆಕ್ಸಾಸಿನ ಸವರುವ ಪುಡಿ, ಎಂಬ ನೀಲಿ ಚೀಟಿ ಅಂಟಿಸಿ ಒಳಗೆ ಎಳೆದುಕೊಳ್ಳುತ್ತಿತ್ತು. ಆ ಒಂದು ಕ್ಷಣ ಕಂಡಿಯ ಬಾಗಿಲು ತೆರೆದಿದ್ದಾಗ ಸುಡುವ ಹಂದಿಯ ವಾಸನೆ ಈಚೆಗೆ ಬರುತ್ತಿತ್ತು. ಬಾಗಿಲು ಜಾರಿದ ಮೇಲೆ ಅದೂ ಇಲ್ಲ. ಮೆಕ್ಸಿಕೋದ ಹೆಂಗಸು ಅವನನ್ನು ನೋಡುತ್ತಿದ್ದಳು. ಒಂದು ದಿನವೂ ನಗಲಿಲ್ಲ, ಅವನಿಗಿಂತ ದೊಡ್ಡ ಮನಸ್ಸು ಅವಳದು.

ಎಷ್ಟು ಚೆನ್ನಾಗಿ ಅರೆದರೆ ಆಚೆಯವರು ಅಷ್ಟು ಹೆಚ್ಚು ಡಬ್ಬ ಕೇಳುತ್ತಿದ್ದರು. ಹ್ಯೂಸ್ಟನ್ ವಿಮಾನದಲ್ಲಿ ರಿಬ್ಸ್ ಎಲ್ಲಕ್ಕಿಂತ ಮೊದಲು ಮುಗಿಯುತ್ತಿತ್ತು. ಬೇಕೆಂದೇ ಒಮ್ಮೆ ಅರಿಶಿನ ಹೆಚ್ಚಿಸಿ ಪುಡಿ ಕೆಡಿಸಿದರೆ ಹೇಗೆ ಎಂದು ಅವನು ಯೋಚಿಸಿದ್ದುಂಟು. ಕೈ ಒಪ್ಪಲಿಲ್ಲ. ಅತ್ತೆಯ ಲೆಕ್ಕವನ್ನು ಕೆಡಿಸುವುದು ಹೇಗೆ?

ಸಂಜೆ ಕ್ಯಾರೊಲಿನ್ ಕೇಳುತ್ತಿದ್ದಳು, ಇವತ್ತು ಯಾವ ವಿಮಾನ ಕಂಡಿತು. ಅವನು ಬಸ್ಸಿನಲ್ಲಿ ಬರುವಾಗಲೇ ಒಂದನ್ನು ಯೋಚಿಸಿ ಇಟ್ಟುಕೊಂಡಿರುತ್ತಿದ್ದ. ಒಂದು ದಿನ ಸಿಂಗಪುರದ್ದು ಎನ್ನುತ್ತಿದ್ದ, ಒಂದು ದಿನ ಕತಾರಿನದ್ದು. ಮೂತಿ ಎತ್ತಿಕೊಂಡು ಇಳಿಯಿತು ಎಂದು ವರ್ಣಿಸುತ್ತಿದ್ದ. ಅವಳು ನಂಬುತ್ತಿದ್ದಳು, ನಂಬುವ ಮಗಳ ಎದುರು ಅವನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಕೆಲಸದಲ್ಲಿ ಒಂದು ಕಿಟಕಿ ಇಲ್ಲದ ಕೋಣೆಯಿತ್ತು, ಈಗ ಮನೆಯಲ್ಲಿ ತಾನೇ ಕಟ್ಟಿದ್ದು ಇನ್ನೊಂದು.

ಸೆಪ್ಟೆಂಬರಿನ ಒಂದು ಶುಕ್ರವಾರ ಅವನು ಮೂರು ಗಂಟೆಗೆ ಮನೆಗೆ ಬಂದಾಗ ಗೆರ್ಟ್ರೂಡ್ ಒಗೆಯುವ ಬಟ್ಟೆಗಳನ್ನು ವಿಂಗಡಿಸುತ್ತಿದ್ದಳು. ಕ್ಯಾರೊಲಿನ್ ಊಟದ ಮೇಜಿನ ಹತ್ತಿರ ಓದುತ್ತಿದ್ದಳು. ಗೆರ್ಟ್ರೂಡ್ ಅವನ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು, ಮೆಷಿನ್ನಿಗೆ ಹಾಕಲಿಲ್ಲ.

"ಇಷ್ಟು ದಿನ ಆಯ್ತು, ನಿಮ್ಮ ಅಂಗಿಗೆ ಒಂದು ದಿನ ಸಹ ಹಂದಿಯ ವಾಸನೆ ಇಲ್ಲ. ಹಡಗಿನಿಂದ ರಜೆಗೆ ಬಂದಾಗ ಪೆಟ್ಟಿಗೆ ಬಿಚ್ಚಿದ್ರೆ ಇಡೀ ಮನೆಗೆ ಬರ್ತಿತ್ತು. ಇದಕ್ಕೆ ಬರೀ ನಮ್ಮ ಪುಡಿಯ ವಾಸನೆ."

ಇಗ್ನೇಷಿಯಸ್ ಚಪ್ಪಲಿ ಬಿಚ್ಚುತ್ತಿದ್ದವನು ಹಾಗೆಯೇ ಬಗ್ಗಿಕೊಂಡಿದ್ದ. ಯಾವತ್ತು ಗೊತ್ತಾಯಿತು ಎಂದು ನೆಲ ನೋಡಿಕೊಂಡೇ ಕೇಳಿದ. ಮೊದಲನೇ ವಾರವೇ ಎಂದಳು. ನೀವೇ ಹೇಳಲಿ ಎಂದು ಕಾದೆ ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಅವಳು ಸಿಟ್ಟಿನಲ್ಲಿರಲಿಲ್ಲ. ಅಂಗಿಯನ್ನು ಮೆಷಿನ್ನಿಗೆ ಹಾಕಿ, ಅಲ್ಲಿ ಕೊಡುವ ಮೆಣಸಿಗೆ ಬಣ್ಣ ಉಂಟಾ ಎಂದು ಕೇಳಿದಳು. ಅಷ್ಟಕ್ಕಷ್ಟೇ ಎಂದ. ಹಾಗಾದರೆ ಬ್ಯಾಡಗಿಯನ್ನು ಸ್ವಲ್ಪ ಹೆಚ್ಚು ಹಾಕಿ ಎಂದಳು. ಆಮೇಲೆ ಅವಳು ಮುಖವನ್ನು ಬಟ್ಟೆಗಳ ಕಡೆಗೆ ತಿರುಗಿಸಿಕೊಂಡಳು.

ಕ್ಯಾರೊಲಿನ್ ಪುಸ್ತಕದಿಂದ ತಲೆ ಎತ್ತಿದ್ದಳು. ಅವಳಿಗೆ ಅರ್ಧ ಅರ್ಥವಾಗಿತ್ತು, ಉಳಿದರ್ಧ ಸುಳ್ಳಾಗಲಿ ಎಂದು ಕಾಯುತ್ತಿರುವವಳ ಹಾಗೆ ಅಪ್ಪನನ್ನೇ ನೋಡುತ್ತಿದ್ದಳು. ದಿನಾ ಕೇಳುವುದನ್ನೇ ಕೇಳಿದಳು, ಈ ಸಲ ಇಂಗ್ಲಿಷಿನಲ್ಲಲ್ಲ.

"ಪಪ್ಪಾ, ಇವತ್ತು ಯಾವ ವಿಮಾನ ಕಾಣ್ತು?"

ಇಗ್ನೇಷಿಯಸ್ ಬಸ್ಸಿನಲ್ಲಿ ಯೋಚಿಸಿ ತಂದದ್ದು ಟೋಕಿಯೋದ್ದು. ಅದು ಬಾಯಿಯವರೆಗೆ ಬಂದು ನಿಂತಿತು.

"ಯಾವುದೂ ಇಲ್ಲ ಮಗಾ. ನಾನಿರುವಲ್ಲಿ ಕಿಟಕಿ ಇಲ್ಲ."